ತೆರೆದ ಲೈನು

ಸರ್ವರ್ ಎಂದೊಡನೆ ಜನ ಎಲ್ಲೋ ದೂರದ ಊರಿನ ತಣ್ಣನೆಯ ಹಾಲಿನಲ್ಲಿ ಸಾಲಾಗಿ ನಿಂತ ಕಪ್ಪು ಕಪಾಟುಗಳನ್ನು ನೆನೆಯುತ್ತಾರೆ. ಪ್ರಭಾವತಿ ದೊಡವಾಡ ಅವರ ಸರ್ವರ್ ಅವರ ಎಡಗಿವಿಯ ಹಿಂದೆ, ಕೂದಲಿನ ಅಡಿಯಲ್ಲಿತ್ತು. ಐದು ರೂಪಾಯಿಯ ನಾಣ್ಯಕ್ಕಿಂತ ತುಸು ದಪ್ಪ. ಹುಬ್ಬಳ್ಳಿಯ ಕಣ್ಪರದೆ ಕೇಂದ್ರದ ಸಿಬ್ಬಂದಿ ಅದನ್ನು ಬಿಲ್ಲೆ ಎನ್ನುತ್ತಿದ್ದರು.

ಅಕ್ಷಿಪಟ ಸವೆದು ದೃಷ್ಟಿ ಹೋದರೂ ಕಣ್ಣಿನಿಂದ ಮೆದುಳಿಗೆ ಹೋಗುವ ನರ ಗಟ್ಟಿಯಾಗಿರುವವರಿಗೆ ಕಣ್ಪರದೆ ಹಾಕುತ್ತಾರೆ. ಕಣ್ಣಿನ ಹಿಂಭಾಗದಲ್ಲಿ ಕೂರಿಸಿದ ತೆಳುಹಾಳೆಯೇ ಪರದೆ. ಅದರ ಮೇಲೆ ಏನು ಮೂಡಬೇಕೆಂದು ನಿರ್ಧರಿಸುವುದು ಬಿಲ್ಲೆ. ಕನ್ನಡಕದ ಕ್ಯಾಮೆರಾ, ಬಸ್ಸಿನ ಬೋರ್ಡು ಓದುವ ಕಾರ್ಯಕ್ರಮ, ಮಾತ್ರೆ ನೆನಪಿಸುವ ಕಾರ್ಯಕ್ರಮ, ಇವೆಲ್ಲ ಬಿಲ್ಲೆಯ ಗಿರಾಕಿಗಳು. ಅವು ಬಾಗಿಲಲ್ಲಿ ನಿಂತು ಪರದೆಯ ಮೇಲೆ ಇಷ್ಟು ಜಾಗ ಬೇಕೆಂದು ಕೇಳುತ್ತವೆ, ಬಿಲ್ಲೆ ಕೊಡುತ್ತದೆ.

ಈ ಏರ್ಪಾಡು ಹೊಸದಲ್ಲ. ಯುನಿಕ್ಸ್ ಜಾತಿಯ ಕಂಪ್ಯೂಟರುಗಳಿಗಾಗಿ ಕಳೆದ ಶತಮಾನದ ಎಂಬತ್ತರ ದಶಕದಲ್ಲಿ ರೂಪಿಸಿದ್ದನ್ನೇ ಕಣ್ಪರದೆಯವರು ಚಿಕ್ಕದು ಮಾಡಿ ಕಿವಿಯ ಹಿಂದೆ ಇಟ್ಟಿದ್ದರು. ಒಬ್ಬರನ್ನೊಬ್ಬರು ಬಲ್ಲವರ ಪ್ರಯೋಗಾಲಯದಲ್ಲಿ ಹುಟ್ಟಿದ್ದರಿಂದ ಅದರಲ್ಲಿ ಒಂದು ಹಳೆಯ ಗುಣ ಉಳಿದುಬಂದಿತ್ತು. ಬಾಗಿಲು ದಾಟಿ ಬಂದವರಿಗೆ ಒಳಗೆ ಬೇರೆ ಬೇರೆ ಕೋಣೆಗಳಿರಲಿಲ್ಲ. ಒಳಗೆ ಬಂದ ಯಾವ ಕಾರ್ಯಕ್ರಮವಾದರೂ ಪರದೆಯ ಮೇಲಿರುವುದನ್ನೆಲ್ಲ ನೋಡಬಲ್ಲದು, ಅಲ್ಲಿ ಒತ್ತಿದ ಪ್ರತಿ ಅಂಕಿಯನ್ನೂ ಓದಬಲ್ಲದು. ಹಾಗಾಗಿ ಕಾವಲೆಲ್ಲ ಬಾಗಿಲಲ್ಲೇ. ಪ್ರತಿ ಬಿಲ್ಲೆಗೂ ಒಂದು ಉದ್ದನೆಯ ಗುಪ್ತ ಕೀಲಿ. ಅದನ್ನು ತೋರಿಸಿದ ಕಾರ್ಯಕ್ರಮಕ್ಕೆ ಮಾತ್ರ ಪ್ರವೇಶ. ಪರೀಕ್ಷೆಯ ಹೊತ್ತಿನಲ್ಲಿ ಕಾವಲನ್ನು ಪೂರ್ತಿ ತೆಗೆಯುವುದಕ್ಕೂ ಒಂದು ಆದೇಶವಿತ್ತು. ಅದರ ಕೊನೆಗೊಂದು ಕೂಡಿಸುವ ಚಿಹ್ನೆ ಒತ್ತಿದರೆ ಯಾರು ಬೇಕಾದರೂ ಬರಬಹುದು. ಕಳೆಯುವ ಚಿಹ್ನೆ ಒತ್ತಿದರೆ ಮತ್ತೆ ಕಾವಲು.

ಕೇಂದ್ರದಲ್ಲಿ ಯಾವ ಕೈಪಿಡಿಯಲ್ಲೂ ಇಲ್ಲದ ಒಂದು ರೂಢಿಯಿತ್ತು. ಹೊಸ ರೋಗಿಗೆ ಏನೂ ಕಾಣದಿದ್ದರೆ ತೊಂದರೆ ಕನ್ನಡಕದ್ದೋ ಕಣ್ಣಿನದ್ದೋ ತಿಳಿಯಬೇಕಲ್ಲ? ಪಕ್ಕದ ಕುರ್ಚಿಯ ಹಳೆಯ ರೋಗಿಯ ಬಿಲ್ಲೆಯ ಕಾವಲು ತೆಗೆದು, ಆ ಕನ್ನಡಕದ ಚಿತ್ರವನ್ನು ಅದಕ್ಕೆ ಕಳಿಸಿ, ಕಾಣುತ್ತದೆಯೇ ಎಂದು ಕೇಳುತ್ತಿದ್ದರು. ಸಿಬ್ಬಂದಿಯ ಮಾತಿನಲ್ಲಿ ಇದು 'ಪಕ್ಕದವರ ಕಣ್ಣಾಗ ನೋಡೂದು'.

ಜೂನ್ ತಿಂಗಳ ಒಂದು ಬೆಳಿಗ್ಗೆ ತಂತ್ರಜ್ಞೆ ನಸ್ರೀನ್ ನದಾಫ ಅದನ್ನೇ ಮಾಡಿದಳು. ಪ್ರಭಾವತಿ ವರ್ಷದ ತಪಾಸಣೆಗೆ ಬಂದಿದ್ದರು. ಹಸಿರು ಬಟ್ಟೆಯ ಪರದೆಯ ಆಚೆ ಯಾರೋ ಹೊಸಬ ಕೆಮ್ಮುತ್ತ ಕುಳಿತಿದ್ದ.

"ಅಕ್ಕಾರ, ಒಂದ್ ಸಲ ನೋಡಿ ಹೇಳ್ರಿ. ಮೂಲ್ಯಾಗ ಏನರ ಕಾಣಾಕತ್ತೈತೇನು?"

"ಫ್ಯಾನ್ ಕಾಣಾಕತ್ತೈತಿ. ತಿರಗವಲ್ದು."

"ಆ ಫ್ಯಾನ್ ಕೆಟ್ಟು ವರ್ಷಾತ್ರಿ. ಹಂಗಂದ್ರ ಕನ್ನಡಕ ಚಲೋ ಐತಿ."

"ನನ್ನ ಕಣ್ಣ ಹಾಳ ಅಂದಂಗಾತು," ಎಂದಿತು ಆಚೆಯ ಧ್ವನಿ.

"ಹಾಳಲ್ರೀ ಕಾಕಾ. ಹೊಸಾ ಪರದಿ ಓದಾಕ ಮಿದುಳ ಕಲಿಬೇಕು. ತಿಂಗಳಗಟ್ಲೆ ಹಿಡಿತೈತಿ. ಕನ್ನಡಕ ಮಾತ್ರ ತೆಗಿಬ್ಯಾಡ್ರಿ."

ಅಷ್ಟರಲ್ಲಿ ಒಳಕೋಣೆಯಲ್ಲಿ ಒಬ್ಬ ರೋಗಿ ತಲೆತಿರುಗಿ ಬಿದ್ದ. ನಸ್ರೀನ್ ಓಡಿದಳು. ತಿರುಗಿ ಬಂದಾಗ ಎರಡೂ ಕುರ್ಚಿ ಖಾಲಿಯಿದ್ದವು. ಹೊಸಬನ ಕನ್ನಡಕ ತನ್ನ ಚಿತ್ರವನ್ನು ಇನ್ನೂ ಪ್ರಭಾವತಿಯ ಬಿಲ್ಲೆಗೇ ಕಳಿಸುತ್ತಿತ್ತು. ಪ್ರಭಾವತಿಯ ಬಿಲ್ಲೆಗೆ ಒತ್ತಿದ ಕೂಡಿಸುವ ಚಿಹ್ನೆ ಹಾಗೆಯೇ ಇತ್ತು. ಮುಂದಿನ ರೋಗಿಯ ಹೆಸರು ಕೂಗುವಾಗ ನಸ್ರೀನ್‌ಗೆ ಎರಡೂ ನೆನಪಿರಲಿಲ್ಲ.

*

ಪ್ರಭಾವತಿ ಕೇಶ್ವಾಪುರದ ಮೂರನೇ ಮಹಡಿಯಲ್ಲಿ ಒಬ್ಬರೇ ಇದ್ದರು. ಮದುವೆಯಾಗಿರಲಿಲ್ಲ. ರೈಲ್ವೆಗೆ ಸಹಾಯಕ ಸ್ಟೇಷನ್ ಮಾಸ್ಟರ್ ಆಗಿ ಸೇರಿ, ಕೊನೆಯ ಇಪ್ಪತ್ತು ವರ್ಷ ಕಂಟ್ರೋಲ್ ಆಫೀಸಿನಲ್ಲಿ ಕುಳಿತು ರೈಲು ಓಡಿಸಿದವರು. ಅಲ್ಲಿ ಒಂದು ಫೋನಿತ್ತು. ಸೆಕ್ಷನ್ನಿನ ಅಷ್ಟೂ ಸ್ಟೇಷನ್ನುಗಳಿಗೆ ಅದೊಂದೇ ಲೈನು. ಯಾರು ರಿಸೀವರ್ ಎತ್ತಿದರೂ ಎಲ್ಲರ ಮಾತೂ ಕೇಳುತ್ತಿತ್ತು. ಗೂಡ್ಸ್ ಗಾಡಿ ತಡವಾದದ್ದು, ಒಬ್ಬರ ಮಗಳ ಹೆರಿಗೆ, ಇನ್ನೊಬ್ಬರ ಹಲ್ಲುನೋವು, ಎಲ್ಲವೂ ಅದೇ ತಂತಿಯ ಮೇಲೆ. ಆ ಸ್ಟೇಷನ್ ಮಾಸ್ಟರುಗಳಲ್ಲಿ ಹೆಚ್ಚಿನವರ ಮುಖವನ್ನು ಪ್ರಭಾವತಿ ನೋಡಿರಲಿಲ್ಲ. ಕೆಮ್ಮು ಕೇಳಿಯೇ ಯಾವ ಊರೆಂದು ಹೇಳುತ್ತಿದ್ದರು.

ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ಮನೆಗೆ ಬಂದಮೇಲೆ ಆ ಲೈನು ನಿಂತಿತು. ಆಮೇಲೆ ದೃಷ್ಟಿ ಹೋಯಿತು. ಕಣ್ಪರದೆಯಿಂದ ದೃಷ್ಟಿ ಮರಳಿತು. ಲೈನು ಮರಳಲಿಲ್ಲ. ದಿನಕ್ಕೆ ಮೂರು ಸಲ ಮಾತ್ರೆಯ ಕಾರ್ಯಕ್ರಮ ಹೆಸರು ಹಿಡಿದು ಮಾತಾಡಿಸುತ್ತಿತ್ತು. ಕೆಲವು ದಿನ ಅವರ ಹೆಸರನ್ನು ಹೇಳುತ್ತಿದ್ದದ್ದು ಅದೊಂದೇ.

ತಪಾಸಣೆಯ ಮರುದಿನ ಅವರ ನೋಟದ ಬಲಮೂಲೆಯಲ್ಲಿ, ಅಂಚೆ ಕಾರ್ಡಿನಷ್ಟು ಜಾಗದಲ್ಲಿ ಒಂದು ಚಿತ್ರ ಕಾಣಿಸಿಕೊಂಡಿತು. ಎರಡು ಕೈಗಳು. ಕೈಗಳ ನಡುವೆ ಒಂದು ಕುರ್ಚಿಯ ಚೌಕಟ್ಟು. ಬೆರಳುಗಳು ಬೆತ್ತದ ಸೀಳನ್ನು ಒಂದು ತೂತಿನಿಂದ ಎಳೆದು ಇನ್ನೊಂದಕ್ಕೆ ಸೇರಿಸುತ್ತಿದ್ದವು.

ಬೇರೆಯವರಾಗಿದ್ದರೆ ಹೆದರಿ ಕೇಂದ್ರಕ್ಕೆ ಫೋನ್ ಮಾಡುತ್ತಿದ್ದರು. ಪ್ರಭಾವತಿಗೆ ಅಪರಿಚಿತರು ತಮ್ಮ ಲೈನಿಗೆ ಬರುವುದು ಅಸಹಜವಾಗಿ ಕಾಣಲಿಲ್ಲ. ಲೈನೆಂದರೆ ಅದೇ. ಅವರು ಒಲೆಯ ಮುಂದೆ ನಿಂತು ಗಟ್ಟಿಯಾಗಿ ಕೇಳಿದರು:

"ಯಾವ ಸ್ಟೇಷನ್ ಮಾತಾಡೂದು?"

ಉತ್ತರವಿರಲಿಲ್ಲ. ಚಿತ್ರಕ್ಕೆ ಸದ್ದಿರಲಿಲ್ಲ. ಕೇಂದ್ರದವರು ಹೊಸದಾಗಿ ಸೇರಿಸಿದ ಏನೋ ಕಲಿಕೆಯ ಕಾರ್ಯಕ್ರಮವಿರಬೇಕು ಎಂದುಕೊಂಡರು. ಕಂಟ್ರೋಲ್ ಆಫೀಸಿನಲ್ಲಿ ಅವರು ಕುಳಿತದ್ದೂ ಬೆತ್ತದ ಕುರ್ಚಿಯ ಮೇಲೆಯೇ. ಅದನ್ನು ಹೆಣೆಯುವುದನ್ನು ಈವರೆಗೆ ನೋಡಿರಲಿಲ್ಲ. ಮೊದಲು ಉದ್ದ, ಆಮೇಲೆ ಅಡ್ಡ, ಮತ್ತೆ ಉದ್ದ, ಕೊನೆಗೆ ಎರಡೂ ಕಡೆಯಿಂದ ಓರೆ. ಓರೆ ಎಳೆಗಳು ಬಿದ್ದಾಗ ಎಂಟು ಮೂಲೆಯ ಕಣ್ಣುಗಳು ಒಂದೊಂದಾಗಿ ತೆರೆದುಕೊಳ್ಳುತ್ತಿದ್ದವು. ಅಡುಗೆ ಮಾಡುತ್ತ, ಬಟ್ಟೆ ಮಡಚುತ್ತ ಅವರು ನೋಡಿದರು.

ಒಂದು ಮಧ್ಯಾಹ್ನ ಬೆರಳು ಒಂದು ತೂತನ್ನು ಬಿಟ್ಟು ಮುಂದೆ ಹೋಯಿತು. ಪ್ರಭಾವತಿ ತಡೆಯಲಾರದೆ ತಮ್ಮ ಬೆರಳಿನ ಉಂಗುರವನ್ನು ಆ ಚಿತ್ರದ ಮೇಲೆ ಒತ್ತಿದರು. ಕಣ್ಪರದೆಯವರಿಗೆ ಉಂಗುರವೇ ಗುಂಡಿ. ಪರದೆಯ ಯಾವ ಭಾಗದ ಮೇಲೆ ಒತ್ತಿದರೂ ಆ ಒತ್ತು, ಅಲ್ಲಿ ಚಿತ್ರ ಬರೆಯುತ್ತಿರುವ ಕಾರ್ಯಕ್ರಮಕ್ಕೆ ತಲುಪುತ್ತದೆ. ಅದು ಕನ್ನಡಕದ್ದಾದರೆ, ಒತ್ತು ಬಂದಾಗ ಕನ್ನಡಕ ಕಿವಿಯ ಬಳಿ ಟಿಕ್ ಎನ್ನುತ್ತದೆ.

ಚಿತ್ರದಲ್ಲಿ ಕೈ ನಿಂತಿತು. ಬೆರಳು ಹಿಂದೆ ಸರಿದು, ತಡವಿ, ಬಿಟ್ಟುಹೋದ ತೂತನ್ನು ಹುಡುಕಿತು.

ಪ್ರಭಾವತಿ ಸೌಟನ್ನು ಕೆಳಗಿಟ್ಟರು.

ಆಮೇಲಿನದು ತಾನಾಗಿಯೇ ಬೆಳೆಯಿತು. ಎರಡು ಸ್ಟೇಷನ್ನುಗಳ ನಡುವೆ ಗಂಟೆಯ ಪೆಟ್ಟಿನಲ್ಲಿ ಮಾತಾಡುವುದನ್ನು ಅವರು ಇಪ್ಪತ್ತೆರಡನೇ ವಯಸ್ಸಿನಲ್ಲಿ ಕಲಿತಿದ್ದರು. ಒಂದು ಪೆಟ್ಟು ಗಮನ ಕೊಡು ಎಂದು. ಆರು ಪೆಟ್ಟು ಅಪಾಯ, ನಿಲ್ಲಿಸು ಎಂದು. ಕೇಳಿಸಿಕೊಂಡವರು ಅಷ್ಟೇ ಪೆಟ್ಟನ್ನು ತಿರುಗಿ ಹೊಡೆಯಬೇಕು. ತಿರುಗಿ ಬರುವವರೆಗೆ ಸಂದೇಶ ಮುಗಿದಂತಲ್ಲ. ಬೆಳಿಗ್ಗೆ ಚಿತ್ರ ಬಂದೊಡನೆ ಅವರು ಒಮ್ಮೆ ಒತ್ತುತ್ತಿದ್ದರು. ಕೆಲವು ದಿನಗಳಲ್ಲಿ ಅತ್ತಲಿನ ತೋರುಬೆರಳು ಸ್ಟೀಲ್ ತಟ್ಟೆಯ ಅಂಚನ್ನು ಒಮ್ಮೆ ಕುಟ್ಟತೊಡಗಿತು. ಅತ್ತ ಒಲೆಯ ಮೇಲೆ ಹಾಲು ಉಕ್ಕುವಾಗ ಆರು ಒತ್ತಿದರು. ಕೈ ಗಾಬರಿಯಿಂದ ಒಲೆ ಆರಿಸಿ, ಆಮೇಲೆ ನಿಧಾನವಾಗಿ ಆರು ಸಲ ಕುಟ್ಟಿತು. ಪ್ರಭಾವತಿ ಒಬ್ಬರೇ ನಕ್ಕರು. ಬಹಳ ದಿನವಾಗಿತ್ತು.

ಒಂದು ಮಧ್ಯಾಹ್ನ ಅತ್ತಲಿನ ಕೈಗಳು ಒಂದು ಫೋಟೋ ಹಿಡಿದು, ಅದರ ಗಾಜಿನ ಮೇಲೆ ಹೆಬ್ಬೆರಳು ಆಡಿಸುತ್ತ ಸುಮ್ಮನೆ ಕುಳಿತವು. ಪ್ರಭಾವತಿ ತಮ್ಮ ನೋಟದ ಮೂಲೆಯ ಚಿತ್ರವನ್ನು ಮರೆಯಾಗುವಂತೆ ಮಡಚಿಟ್ಟರು. ಸಂಜೆಯವರೆಗೆ ಬಿಚ್ಚಲಿಲ್ಲ.

ಅವರಿಗೊಂದು ವಿಷಯ ವಿಚಿತ್ರವಾಗಿ ಕಂಡಿತ್ತು. ಕತ್ತಲಾದರೆ ಅತ್ತ ಯಾರೂ ದೀಪ ಹಾಕುತ್ತಿರಲಿಲ್ಲ. ಆದರೂ ತಟ್ಟೆಯ ಅಂಚು ಮಸುಕಾಗಿ ಅಲುಗುತ್ತಿರುತ್ತಿತ್ತು, ಅಲ್ಲಿ ಊಟ ನಡೆದೇ ಇರುತ್ತಿತ್ತು. ಅದನ್ನು ಅವರು ಹೆಚ್ಚು ಕೆದಕಲು ಹೋಗಲಿಲ್ಲ.

ಸೆಪ್ಟೆಂಬರಿನಲ್ಲಿ ಅತ್ತಲಿನವನು ಕ್ಷೌರದಂಗಡಿಗೆ ಹೋದ. ಕನ್ನಡಿಯಲ್ಲಿ ಅರವತ್ತರ ಆಸುಪಾಸಿನ ಒಂದು ಮುಖ ಕಾಣಿಸಿತು. ಬಿಳಿ ಮೀಸೆ. ಪ್ರಭಾವತಿಯದೇ ನಮೂನೆಯ ಕನ್ನಡಕ. ಅಂಗಡಿಯವನು ಕೂದಲು ಎತ್ತಿದಾಗ ಕಿವಿಯ ಹಿಂದೆ ಬಿಲ್ಲೆ. ಆತನ ಮುಖ ಕನ್ನಡಿಗೆ ನೇರವಾಗಿತ್ತು. ಕಣ್ಣುಗಳು ಮಾತ್ರ ಕನ್ನಡಿಯ ಮೇಲಿನ ಗೋಡೆಯತ್ತ ನಿಂತಿದ್ದವು. ಅಂಗಡಿಯವನು ಚಾಚಿದ ಟವೆಲ್ಲನ್ನು ಆತ ಗಾಳಿಯಲ್ಲಿ ತಡವಿದ.

ಪ್ರಭಾವತಿಗೆ ತಿರುಗದ ಫ್ಯಾನು ನೆನಪಾಯಿತು. ಪರದೆಯ ಆಚೆಯ ಕೆಮ್ಮು ನೆನಪಾಯಿತು. ಇದು ಕಲಿಕೆಯ ಕಾರ್ಯಕ್ರಮವಲ್ಲ. ಆತನಿಗೆ ಕಾಣಬೇಕಾದದ್ದು ದಿನವೂ ತಮ್ಮ ಕಣ್ಣಿಗೆ ಬಂದು ಬೀಳುತ್ತಿದೆ.

ಅವರು ಫೋನ್ ಕೈಗೆತ್ತಿಕೊಂಡರು. ಕೇಂದ್ರದ ನಂಬರ್ ಅವರಿಗೆ ಬಾಯಿಪಾಠವಿತ್ತು. ಕುರ್ಚಿಗೆ ಓರೆ ಎಳೆ ಹಾಕುವುದು ಅರ್ಧವಾಗಿದೆ, ಅದೊಂದು ಮುಗಿಯಲಿ ಎಂದುಕೊಂಡು ಕೆಳಗಿಟ್ಟರು. ಆ ಕುರ್ಚಿ ಮುಗಿಯಿತು. ಇನ್ನೊಂದು ಬಂತು.

*

ಕೇಂದ್ರದ ಕಂಟ್ರೋಲ್ ರೂಮಿನಲ್ಲಿ ಮೌನೇಶ ಬಡಿಗೇರ ಎಂಬ ರೋಗಿಯ ಹೆಸರಿನೆದುರು 'ಉಪಯೋಗವಾಗುತ್ತಿದೆ' ಎಂದು ದಾಖಲಾಗಿತ್ತು. ಗದಗಿನ ಬೆತ್ತದ ಕೆಲಸಗಾರ. ಫೋನಿನಲ್ಲಿ ವಿಚಾರಿಸಿದಾಗ ಆತ ಹೇಳಿದ್ದು ಇಷ್ಟು: ಇನ್ನೂ ಏನೂ ಕಾಣುವುದಿಲ್ಲ, ಆದರೆ ಕೈ ತಪ್ಪಿದಲ್ಲಿ ಕನ್ನಡಕ ಟಿಕ್ ಎಂದು ಹೇಳಿಕೊಡುತ್ತದೆ, ಚಲೋ ಐತಿ. ವಿಚಾರಿಸಿದ ಗುಮಾಸ್ತನಿಗೆ ಅಂಥದೊಂದು ಸೌಲಭ್ಯ ಇಲ್ಲವೆಂಬುದು ಗೊತ್ತಿರಲಿಲ್ಲ. ಪ್ರಭಾವತಿಯ ಟಿಕ್ಕುಗಳೇ ಮೌನೇಶನ ದೂರನ್ನು ಅಳಿಸಿಹಾಕಿದ್ದವು.

ಮೌನೇಶ ಕ್ರಮೇಣ ಕೋಲು ಬಿಟ್ಟು ನಡೆಯತೊಡಗಿದ. ಪ್ರಭಾವತಿ ಮೈಯೆಲ್ಲ ಕಣ್ಣಾಗಿ ಕೂರುತ್ತಿದ್ದರು. ಆತ ಹೊರಗೆ ಹೊರಟನೆಂದರೆ ಇವರು ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ.

ದೀಪಾವಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ಜ್ವರದ ಮಾತ್ರೆ ನುಂಗಿದ್ದ ಪ್ರಭಾವತಿ ಕುಳಿತಲ್ಲೇ ನಿದ್ದೆಹೋದರು. ಎಚ್ಚರವಾದಾಗ ಮೂಲೆಯ ಚಿತ್ರದಲ್ಲಿ ನೆಲ ಗೋಡೆಯಂತೆ ನೆಟ್ಟಗೆ ನಿಂತಿತ್ತು. ಕಪ್ಪು ನೀರು, ಒಡೆದ ಕಲ್ಲುಚಪ್ಪಡಿಯ ಅಂಚು, ಅದರಾಚೆ ಯಾರದೋ ಓಡಿಬರುವ ಕಾಲುಗಳು. ಚಿತ್ರದ ಕೆಳತುದಿಯಲ್ಲಿ ಒಂದು ಬೆರಳು ಕಲ್ಲನ್ನು ಕುಟ್ಟುತ್ತಿತ್ತು. ಒಂದು. ಬಿಡುವು. ಮತ್ತೆ ಒಂದು.

ರೈಲ್ವೆಯಲ್ಲಿ ಮೊದಲ ದಿನ ಕಲಿಸುವ ನಿಯಮವಿದೆ. ಸದ್ದಿಲ್ಲದಿದ್ದರೆ ಲೈನು ಖಾಲಿ ಎಂದು ತಿಳಿಯಕೂಡದು. ಸದ್ದಿಲ್ಲದಿದ್ದರೆ ಅಪಾಯವೆಂದೇ ತಿಳಿಯಬೇಕು. ಈ ನಿಯಮವನ್ನು ಅವರು ಎಷ್ಟೋ ಹೊಸ ಹುಡುಗರಿಗೆ ಬೈದು ಕಲಿಸಿದ್ದರು. ಮೌನೇಶನಿಗೆ ಯಾರೂ ಹೇಳಿರಲಿಲ್ಲ. ಟಿಕ್ ಎನ್ನಲಿಲ್ಲವೆಂದರೆ ದಾರಿ ಸರಿಯಿದೆ ಎಂದು ಆತ ನಂಬಿದ್ದ.

ಅವರು ಫೋನ್ ಮಾಡಿದರು.

"ನಸ್ರೀನ್, ನಾ ದೊಡವಾಡ. ನನ್ನ ಪರದಿ ಮ್ಯಾಲ ಒಬ್ಬ ಮನಷ್ಯಾ ಅದಾನ. ಗಟಾರಕ್ಕ ಬಿದ್ದಾನ."

"ಪಿಚ್ಚರ್ ಏನಾರ ಹಚ್ಚೀರೇನ್ರಿ ಅಕ್ಕಾರ?"

"ಪಿಚ್ಚರಲ್ಲ ತಂಗೀ. ಜೂನ್ದಾಗ ನನ್ನ ಬಾಜೂ ಕುಂತು ಕೆಮ್ಮತಿದ್ದನಲಾ, ಅಂವ. ಅವನ ಕನ್ನಡಕ ನನ್ನ ಕಣ್ಣಾಗ ಐತಿ. ಮೊದ್ಲ ಅವನ ಮನಿಯವ್ರಿಗೆ ಫೋನ್ ಹಚ್ಚು. ನನ್ನ ಆಮ್ಯಾಲ ಬೈಯಂತಿ."

ನಸ್ರೀನ್ ಮೌನೇಶನ ನೆರೆಮನೆಯವರಿಗೆ ಫೋನ್ ಮಾಡಿದಳು. ಜನ ಆಗಲೇ ಎತ್ತಿದ್ದರು; ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಆಮೇಲೆ ಅವಳು ಪ್ರಭಾವತಿಯ ಬಿಲ್ಲೆಯ ಸ್ಥಿತಿಯನ್ನು ತೆರೆದು ನೋಡಿದಳು. ಒಳಗಿರುವ ಗಿರಾಕಿಗಳಲ್ಲಿ ಕೀಲಿ ತೋರಿಸದೆ ಬಂದದ್ದು ಒಂದು. ಬಂದದ್ದು ಜೂನಿನಲ್ಲಿ. ಕಾವಲು: ಇಲ್ಲ. ಅವಳು ಆ ಸಾಲನ್ನು ಎರಡು ಸಲ ಓದಿ, ನೀರು ಕುಡಿದು, ಕೇಶ್ವಾಪುರಕ್ಕೆ ಹೊರಟಳು.

*

"ಐದ್ ತಿಂಗಳು ಬಾಗಲಾ ತಗದ ಇತ್ರಿ ಅಕ್ಕಾರ," ಎಂದಳು ನಸ್ರೀನ್, ಮಡಿಲಲ್ಲಿ ಕಂಪ್ಯೂಟರ್ ಇಟ್ಟುಕೊಂಡು. "ಯಾರ ಬೇಕಾದ್ರೂ ಬರಬಹುದಿತ್ತು. ನೀವು ಬ್ಯಾಂಕಿನ ಗುಟ್ಟಿನ ನಂಬರ್ ಒತ್ತೂದು ಸೈತ ನೋಡಬಹುದಿತ್ತು."

"ಬಂದಾಂವ ಒಬ್ಬನ. ಅವಗ ಕಣ್ಣ ಕಾಣೂದಿಲ್ಲ."

ನಸ್ರೀನ್‌ಗೆ ನಗು ಬರಲಿಲ್ಲ. "ಮೊದ್ಲ ಬಾಗಲಾ ಹಾಕ್ತೀನ್ರಿ," ಎಂದು ಕಳೆಯುವ ಚಿಹ್ನೆ ಒತ್ತಿದಳು.

ಮೂಲೆಯ ಚಿತ್ರ ಅಲುಗಲಿಲ್ಲ. ಆಸ್ಪತ್ರೆಯ ಮಂಚ, ಪ್ಲಾಸ್ಟರ್ ಸುತ್ತಿದ ಕೈ, ಪಕ್ಕದಲ್ಲಿ ಸ್ಟೀಲ್ ಲೋಟ.

"ಹೋಗಲಿಲ್ಲಲಾ?"

"ಹೋಗೂದಿಲ್ರಿ. ಬಾಗಲಾ ಹಾಕಿದ್ರ ಹೊರಗಿನವ್ರು ಒಳಗ ಬರಾಕ ಆಗೂದಿಲ್ಲ ಅಷ್ಟ. ಒಳಗಿದ್ದವ್ರು ಒಳಗ ಇರ್ತಾರ. ಅವ್ರನ್ನ ಬ್ಯಾರೆ ಕಳಸಬೇಕು."

"ಹಂಗಂದ್ರ ಇನ್ನ ಮ್ಯಾಲ ನನಗೇನೂ ಧೋಕಾ ಇಲ್ಲ."

"ನಿಮಗಿಲ್ರಿ."

ಕೆಳಗೆ ರಸ್ತೆಯಲ್ಲಿ ಹೂವಿನವನು ಕೂಗಿಕೊಂಡು ಹೋದ. ಬಾಗಿಲು ಹಾಕಿಯಾಗಿತ್ತು. ಇಲ್ಲಿಗೆ ಬಿಟ್ಟರೆ ನಸ್ರೀನ್‌ಳ ತಪ್ಪು ಯಾರಿಗೂ ತಿಳಿಯುತ್ತಿರಲಿಲ್ಲ. ಪ್ರಭಾವತಿಯ ಮನೆಯೂ ಖಾಲಿಯಾಗುತ್ತಿರಲಿಲ್ಲ. ಮೌನೇಶ ತಾನು ಕಳೆದುಕೊಂಡದ್ದೇನೆಂದು ತಿಳಿಯದೆ, ಟಿಕ್ಕಿಗೆ ಕಾಯುತ್ತ ಇರುತ್ತಿದ್ದ.

"ಅವನ ಕನ್ನಡಕ ಅವನ ಬಿಲ್ಲಿಗೆ ತಿರಗಿಸಿದ್ರ ಅವಗ ಕಾಣ್ತೈತಿ?"

"ಇವತ್ತಿಂದಿವತ್ತ ಅಲ್ರಿ. ಮೊದ್ಲ ಬೆಳಕು. ಆಮ್ಯಾಲ ಆಕಾರ. ಇಷ್ಟೊತ್ತಿಗೆ ಕಾಣಬೇಕಿತ್ತು."

"ಎರಡೂ ಕಡೆ ಕಳಸಾಕ ಬರೂದಿಲ್ಲ?"

"ಈ ಕನ್ನಡಕ ಒಂದ್ ಸಲಕ್ಕ ಒಂದ ವಿಳಾಸಕ್ಕ ಕಳಸ್ತೈತ್ರಿ."

ಪ್ರಭಾವತಿ ತಲೆಯಾಡಿಸಿದರು. "ನನಗ ಸೆಪ್ಟೆಂಬರ್ದಾಗ ಗೊತ್ತಾಗಿತ್ತು," ಎಂದರು. ನಸ್ರೀನ್ ತಲೆ ಎತ್ತಿದಳು.

"ಒಂದ್ ನಿಮಿಷ ತಡಿ. ಲೈನ್ ಬಿಡೂ ಮುಂದ ಹೇಳಿ ಬಿಡಬೇಕು."

ಅವರು ಉಂಗುರವನ್ನು ಒಮ್ಮೆ ಒತ್ತಿದರು. ಮಂಚದ ಮೇಲಿನ ಎಡಗೈ ಥಟ್ಟನೆ ಚುರುಕಾಗಿ, ತಡವಿ, ಲೋಟವನ್ನು ಹುಡುಕಿ ಒಮ್ಮೆ ಕುಟ್ಟಿತು. ಆಮೇಲೆ ಅವರು ನಾಲ್ಕು ಸಲ ಒತ್ತಿದರು. ಗಾಡಿ ಪೂರ್ತಿ ಬಂದು ಸೇರಿದೆ, ನಡುವಿನ ಲೈನು ಖಾಲಿಯಾಗಿದೆ ಎಂಬುದಕ್ಕೆ ನಾಲ್ಕು. ಮೌನೇಶ ನಾಲ್ಕನ್ನು ಹಿಂದೆಂದೂ ಕೇಳಿರಲಿಲ್ಲ. ಬೆರಳು ಗಾಳಿಯಲ್ಲೇ ನಿಂತಿತು. ಇನ್ನೂ ಬರಬಹುದೆಂದು ಕಾಯಿತು. ಬರದಿದ್ದಾಗ ಒಂದೊಂದಾಗಿ, ಎಣಿಸುವವನಂತೆ, ನಾಲ್ಕು ಸಲ ಕುಟ್ಟಿತು.

"ಈಗ ಕಳಸು," ಎಂದರು ಪ್ರಭಾವತಿ.

ಮೂಲೆಯ ಚಿತ್ರವಿದ್ದ ಜಾಗದಲ್ಲಿ ಅವರದೇ ಗೋಡೆ ಕಂಡಿತು. ಸುಣ್ಣ ಅಲ್ಲಲ್ಲಿ ಎದ್ದಿತ್ತು. ಐದು ತಿಂಗಳು ಅವರು ಆ ಗೋಡೆಯ ಆ ಭಾಗವನ್ನು ಗಮನಿಸಿಯೇ ಇರಲಿಲ್ಲ.

ಹೊರಡುವ ಮೊದಲು ನಸ್ರೀನ್, ಪ್ರಭಾವತಿ ಕೇಳಿದಂತೆ, ಒಂದು ಹೊಸ ಕೀಲಿ ಮಾಡಿ ಉಗುರಿನಷ್ಟು ದೊಡ್ಡ ಎಲೆಕ್ಟ್ರಾನಿಕ್ ಚಿಪ್ಪಿನಲ್ಲಿ ತುಂಬಿದಳು. ಅರೆನಂಬಿಕೆಯ ಕೀಲಿ ಎಂಬುದೊಂದಿದೆ. ಅದನ್ನು ಹಿಡಿದು ಬಂದವರು ತಮ್ಮ ಚಿತ್ರವನ್ನು ತೋರಿಸಬಹುದು, ಬೇರೆಯವರದ್ದನ್ನು ಇಣುಕುವಂತಿಲ್ಲ. ಬೇಕೆಂದಾಗ ಮೌನೇಶ ತನ್ನ ಕನ್ನಡಕದ ವಿಳಾಸ ಬದಲಿಸಿ ಸ್ವಲ್ಪ ಹೊತ್ತು ಈ ಕಡೆ ಬಂದುಹೋಗಬಹುದು.

"ಕೇಳಿದ್ರ ಕೊಡು," ಎಂದರು ಪ್ರಭಾವತಿ. "ಕೇಳದಿದ್ರ ನೀನಾಗಿ ಹಚ್ಚಾಕ ಹೋಗಬ್ಯಾಡ."

*

ನಸ್ರೀನ್ ತಪ್ಪನ್ನು ಬರೆದುಕೊಟ್ಟಳು. ಅವಳಿಗೆ ಮೆಮೊ ಬಂತು. ಪಕ್ಕದವರ ಕಣ್ಣಿನಲ್ಲಿ ನೋಡುವ ರೂಢಿಯನ್ನು ಕೇಂದ್ರ ನಿಲ್ಲಿಸಿತು. ಮೌನೇಶನಿಗೆ ಹೋದ ಪತ್ರದಲ್ಲಿ 'ತಾಂತ್ರಿಕ ಲೋಪ ಸರಿಪಡಿಸಲಾಗಿದೆ' ಎಂದಷ್ಟೇ ಇತ್ತು.

ಫೆಬ್ರವರಿಯಲ್ಲಿ ಮೌನೇಶ ಒಬ್ಬನೇ ಕೇಂದ್ರಕ್ಕೆ ಬಂದ. ಬಾಗಿಲ ಚೌಕಟ್ಟು ನೋಡಿ ತಲೆ ಬಗ್ಗಿಸಿ ಒಳಬಂದ.

"ಕಾಣಾಕತ್ತೈತ್ರಿ," ಎಂದ. "ಮಂಜ ಮಂಜ. ಆದ್ರ ಬೆತ್ತದ ತೂತು ಗೊತ್ತಾಗತಾವ. ಒಂದ ತಕರಾರು. ಟಿಕ್ ಅನ್ನೂದು ನಿಂತೈತಿ. ಅದನ್ನೊಂದು ರಿಪೇರಿ ಮಾಡಿ ಕೊಡ್ರಿ."

"ಅದು ಮಷೀನ್ ಅಲ್ರೀ ಕಾಕಾ."

"ಮತ್ತ?"

"ಒಬ್ರು ಇದ್ರು. ನಿಮ್ಮ ಕನ್ನಡಕದ್ದು ಎಲ್ಲಾ ಅವರಿಗೆ ಹೋಗತಿತ್ತು. ಅವರ ಒತ್ತತಿದ್ರು."

ಮೌನೇಶ ಕುಳಿತುಕೊಂಡ. ಕುರ್ಚಿಯ ಕೆಳಗೆ ಕೈ ಹಾಕಿ ಬೆತ್ತ ಮುಟ್ಟಿ ನೋಡುವುದು ಅವನ ಅಭ್ಯಾಸ, ಇದು ಪ್ಲಾಸ್ಟಿಕ್ಕಿನದು.

"ಗಂಡಸೋ ಹೆಂಗಸೋ?"

"ಹೆಂಗಸು. ಹೆಸರ ಹೇಳಾಕ ಬರೂದಿಲ್ರಿ."

"ನನ್ನ ಮನಿ ಒಳಗ ಐದ್ ತಿಂಗಳು ಒಬ್ಬಾಕಿ ಕುಂತಿದ್ಲು, ನನಗ ಗೊತ್ತಿಲ್ಲ."

"ತಪ್ಪು ನಂದ್ರಿ. ಅವರದಲ್ಲ."

"ನಾ ನನ್ನ ಹೇಣ್ತಿ ಫೋಟೋ ಹಿಡಕೊಂಡು ಕುಂತಾಗೂ?"

"ಆವಾಗ ಅವರು ಚಿತ್ರಾ ಮಡಚಿ ಇಟ್ಟಿದ್ರಂತ."

"ಅಂತ," ಎಂದ ಮೌನೇಶ. "ಅದಕ್ಕೇನ್ ಪುರಾವಿ?"

ನಸ್ರೀನ್‌ಗೆ ಉತ್ತರ ಗೊತ್ತಿತ್ತು. ಯಾರು ಬಂದರು, ಯಾವಾಗ ಹೋದರು ಎಂಬುದನ್ನು ಬಿಲ್ಲೆ ಬರೆದಿಡುತ್ತದೆ. ಒಳಗಿದ್ದವರು ನೋಡಿದರೇ ನೋಡಲಿಲ್ಲವೇ ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ.

"ಪುರಾವಿ ಇಲ್ರಿ," ಎಂದಳು.

ಮೌನೇಶ ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಹಾಕಿಕೊಂಡ. ಆಮೇಲೆ, "ಈಗ ಅವರ ಜೋಡಿ ಮಾತಾಡಬೇಕಂದ್ರ?" ಎಂದ. ಕೇಳಿದ್ದರಿಂದ ನಸ್ರೀನ್ ಡ್ರಾವರಿನಿಂದ ಚಿಪ್ಪನ್ನು ತೆಗೆದು, ಅದೇನೆಂದು ವಿವರಿಸಿ, ಅವನ ಅಂಗೈಗೆ ಹಾಕಿದಳು. ಅವನು ಅದನ್ನು ಹೆಬ್ಬೆರಳಿನಿಂದ ಸವರಿದ. ಕಣ್ಣಿನ ಹತ್ತಿರ ಹಿಡಿದು ನೋಡಿದ. ಮೇಜಿನ ಅಂಚು ಎಲ್ಲಿದೆಯೆಂದು ಕಂಡುಕೊಂಡು, ಜಾಗ್ರತೆಯಿಂದ ಅಲ್ಲಿಟ್ಟ.

"ನನ್ನ ಬಿಲ್ಲಿ ಬಾಗಲಾ ಹಾಕೈತೇನು?"

"ಹಾಕೈತ್ರಿ ಕಾಕಾ."

"ಇನ್ನೊಮ್ಮೆ ನೋಡ್ರಿ."

ಅವಳು ಅವನೆದುರಿಗೇ ಬಿಲ್ಲೆಯ ಸ್ಥಿತಿಯನ್ನು ತೆರೆದು ನೋಡಿದಳು. ಹಾಕಿತ್ತು.

ಬಾಗಿಲಲ್ಲಿ ಆತ ತಿರುಗಿ ನಿಂತ. "ಅವರಿಗೆ ಬೆತ್ತದ ಕೆಲಸ ಬರತಿತ್ತೇನ್ರಿ?"

"ಇಲ್ರಿ. ನಿಮ್ಮ ಕೈ ನೋಡಿ ಕಲ್ತಾರ."

"ತಪ್ಪ ಹಿಡಿಯೂದ್ರಾಗ ಭಾಳ ಜೋರಿದ್ರು," ಎಂದು ಹೇಳಿ ಆತ ಹೊರಟ.

*

ಆ ಸಂಜೆ ಪ್ರಭಾವತಿ ನಸ್ರೀನ್‌ಗೆ ಬಾಗಿಲು ತೆರೆದಾಗ ಅವರ ಹಿಂದೆ ನೆಲದ ಮೇಲೆ ಒಂದು ಹಳೆಯ ಕುರ್ಚಿ ಮಲಗಿತ್ತು. ಗುಜರಿಯಿಂದ ತಂದದ್ದು. ಅರ್ಧ ಹೆಣೆದ ಬೆತ್ತ ಒಂದು ಕಡೆ ಸೊಟ್ಟಗೆ ಹೋಗಿತ್ತು. ಎಲ್ಲಿ ತಪ್ಪಿತೆಂದು ನಸ್ರೀನ್‌ಗೆ ತಿಳಿಯಲಿಲ್ಲ.

"ಬಂದಿದ್ನೇನು?"

"ಬಂದಿದ್ರು. ತೂತು ಕಾಣಾಕತ್ತಾವಂತ."

ಪ್ರಭಾವತಿಯ ಮುಖ ಬೆಳಗಿತು. ಆಮೇಲೆ ಅವರ ಕಣ್ಣು ನಸ್ರೀನ್‌ಳ ಕೈಗೆ ಹೋಯಿತು. ಚಿಪ್ಪು ಅಲ್ಲೇ ಇತ್ತು.

"ಬ್ಯಾಡ ಅಂದ?"

"ಬ್ಯಾಡ ಅನ್ನಲಿಲ್ರಿ. ತಿರಗಿ ಇಟ್ರು."

"ಸರಿ ಮಾಡ್ಯಾನ," ಎಂದರು ಪ್ರಭಾವತಿ. "ಅವನ ಜಾಗಾದಾಗ ನಾ ಇದ್ರೂ ಇದನ್ನ ಮಾಡತಿದ್ದೆ. ಆ ಕೀಲಿ ರದ್ದ ಮಾಡಿಬಿಡು. ಸುಮ್ನ ಯಾಕ ಊರಾಗ ತಿರಗಬೇಕದು."

ನಸ್ರೀನ್ ನಿಂತಲ್ಲೇ ಕಂಪ್ಯೂಟರ್ ತೆರೆದು ರದ್ದು ಮಾಡಿದಳು. ಇನ್ನು ಆ ಚಿಪ್ಪು ಯಾವ ಬಾಗಿಲನ್ನೂ ತೆರೆಯುವುದಿಲ್ಲ ಎಂದಳು.

ಪ್ರಭಾವತಿ ಕುರ್ಚಿಯ ಪಕ್ಕ ಕುಳಿತು ಅದರ ಮರದ ಚೌಕಟ್ಟನ್ನು ತೋರುಬೆರಳಿನಿಂದ ಐದು ಸಲ ಕುಟ್ಟಿದರು.

"ಇದೇನ್ರಿ ಅಕ್ಕಾರ?"

"ಹಿಂದ ಕಳಿಸಿದ್ದು ರದ್ದು, ಅಂತ."

ನಸ್ರೀನ್ ಚೀಲವನ್ನು ಹೆಗಲಿಗೇರಿಸಿಕೊಂಡಳು. ಬಾಗಿಲವರೆಗೆ ಹೋಗಿ ಚಪ್ಪಲಿ ಮೆಟ್ಟುತ್ತ ತಿರುಗಿ ನೋಡಿದಳು. ಪ್ರಭಾವತಿಯ ಬೆರಳು ಮರದ ಮೇಲೆಯೇ ಇತ್ತು. ಅವರು ಇವಳತ್ತ ನೋಡುತ್ತಿರಲಿಲ್ಲ, ಗೋಡೆಯ ಬಲಮೂಲೆಯತ್ತ ನೋಡುತ್ತಿದ್ದರು. ಬೆರಳು ಎತ್ತಲಿಲ್ಲ.

ಅವರು ಉತ್ತರದ ಪೆಟ್ಟಿಗೆ ಕಾಯುತ್ತಿದ್ದಾರೆಂದು ನಸ್ರೀನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವಳು ಚಪ್ಪಲಿ ಬಿಟ್ಟು ಒಳಗೆ ಬಂದು, ಕುರ್ಚಿಯ ಇನ್ನೊಂದು ಬದಿಯಲ್ಲಿ ಮಂಡಿಯೂರಿ, ಬೆರಳಿನ ಗೆಣ್ಣಿನಿಂದ ಎಣಿಸಿ ಐದು ಸಲ ಕುಟ್ಟಿದಳು.

"ಹಾಂ," ಎಂದು ಪ್ರಭಾವತಿ ಬೆರಳು ತೆಗೆದರು. "ಇನ್ನ ನೀ ಹೊಂಡು. ಬಸ್ ತಪ್ತೈತಿ."